ಶ್ರುತಿ ಇಳಿಸಿದ್ದು ಯಾರಿಗಾಗಿ?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇಬ್ಬರ ನಡುವೆಯೇ ಉಳಿಯಬೇಕಾದ ಮಾತನ್ನು ಹೇಳಹೊರಟಿದ್ದೇನೆ. ಸಂಗೀತವೂ ನನಗೆ ಅಷ್ಟಕ್ಕಷ್ಟೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರೆಕಾರ್ಡಿಂಗ್ ಕೋಣೆಯ ದಪ್ಪ ಬಾಗಿಲು ತೆರೆದವನು ಅವನೇ! ಕಿವಿಯ ಬಳಿ ಕೂದಲು ನರೆತಿತ್ತು. ನಗು ಮಾತ್ರ ಹಳೆಯದೇ.

ಅವಳು ಹೊಸ್ತಿಲಲ್ಲೇ ನಿಂತಳು.

"ಬಂದ್ಯಾ, ಪೀಪಿ?"

ಹದಿನೇಳರ ವಯಸ್ಸಿನಲ್ಲಿ ಅವಳ ಎತ್ತರದ ದನಿಗೆ ಅವನಿಟ್ಟ ಹೆಸರು ಅದು. ಆಗ ಅವನು ಕೀಬೋರ್ಡ್ ನುಡಿಸುತ್ತಿದ್ದ, ಅವಳು ಹಾಡುತ್ತಿದ್ದಳು. ಟೆರೇಸಿನ ನೀರಿನ ಟ್ಯಾಂಕಿಗೆ ಒರಗಿ ಇಬ್ಬರೂ ಒಂದು ಹಾಡು ಕಟ್ಟಿದ್ದರು.

'ಬೇಗ ಬೆಳೆಯೋಣ, ಬೀದಿ ದಾಟೋಣ,
ದೀಪ ಹಚ್ಚೋಣ ನಮ್ಮದೇ ಮನೆಗೆ...'

ಬೆಳೆದರು. ಅವನು ಕೆಲಸ ಹುಡುಕಿ ದೂರ ಹೋದ. ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳು ಟೈಲರಿಂಗ್ ಅಂಗಡಿ ಸೇರಿದಳು. ಹೊಲಿಗೆ ಯಂತ್ರದ ಸದ್ದಿನಲ್ಲಿ ಹಾಡು ಮುಳುಗಿಹೋಯಿತು.

ಇಷ್ಟು ವರ್ಷಗಳ ಮೇಲೆ ಅವನ ಫೋನು. "ಸ್ವಂತ ಸ್ಟುಡಿಯೋ ಮಾಡಿದೀನಿ. ಮೊದಲ ಹಾಡು ಅದೇ ಆಗ್ಬೇಕು. ನೀನೇ ಹಾಡ್ಬೇಕು."

'ಅವನಿಗೆ ಬೇಕಿರೋದು ಆ ಹದಿನೇಳರ ಹುಡುಗಿಯ ದನಿ... ನಾನಲ್ಲ!'

ವಾರವಿಡೀ ಪಾತ್ರೆ ತೊಳೆಯುತ್ತ ಹಾಡಿ ನೋಡಿದ್ದಳು. 'ಮನೆಗೆ' ಎಂಬಲ್ಲಿ ದನಿ ಒಡೆದಾಗಲೆಲ್ಲ ಪಾತ್ರೆ ಕುಕ್ಕುತ್ತಿದ್ದಳು.

"ಪಾತ್ರೆ ಮೇಲೆ ಯಾಕೆ ಸಿಟ್ಟು? ಅವನೂ ನಿನ್ ಹಾಗೇ ಒಂಟಿಯಂತೆ ಕಣೇ," ಅತ್ತಿಗೆ ಚುಡಾಯಿಸಿದ್ದಳು.

ಈಗ ಹೆಡ್‌ಫೋನ್ ಹಾಕಿಕೊಂಡಳು. ಅವನು ನುಡಿಸತೊಡಗಿದ. ಅವಳ ಮುಖ ಸಣ್ಣದಾಯಿತು.

"ಶ್ರುತಿ ಇಳಿಸಿದೀಯಾ?"

"ಹ್ಞೂಂ... ಸ್ವಲ್ಪ."

"ನನ್ ಕೈಲಿ ಆಗಲ್ಲ ಅಂತ ತಾನೇ? ವಯಸ್ಸಾಯ್ತು ಅಂತ ತಾನೇ?"

ಹೆಡ್‌ಫೋನ್ ಕಿತ್ತಿಟ್ಟು ಬ್ಯಾಗು ಎತ್ತಿಕೊಂಡಳು. ಕಣ್ಣು ತುಂಬಿತ್ತು. ಅವನು ಓಡಿಬಂದು ಬಾಗಿಲಿಗೆ ಅಡ್ಡ ನಿಂತ.

"ನಿನಗಲ್ಲ ಕಣೇ, ನನಗೆ! ಈ ಸಲ ನಾನೂ ಹಾಡ್ತೀನಿ. ನಿನ್ನೆತ್ತರಕ್ಕೆ ನನ್ ಗಂಟಲು ಏರಲ್ಲ."

"ನೀನಾ? ನೀನು ಹಾಡಿದ್ರೆ ಬೀದಿ ನಾಯಿಗಳೂ ಶುರು ಮಾಡ್ತಿದ್ವಲ್ಲೋ!"

"ಅದಕ್ಕೇ ಇಷ್ಟು ದಪ್ಪ ಬಾಗಿಲು ಹಾಕ್ಸಿರೋದು."

ಅಳುತ್ತಿದ್ದವಳು ನಕ್ಕುಬಿಟ್ಟಳು.

"ನಿಜ ಹೇಳ್ಲಾ? ಇಳಿಸ್ದೆ ಇದ್ದಿದ್ರೆ... ನನಗೂ ಆಗ್ತಿರ್ಲಿಲ್ಲ," ಎಂದಳು.

ಅವನು ಹೆಡ್‌ಫೋನನ್ನು ತಾನೇ ಅವಳ ತಲೆಗೆ ಹಾಕಿದ.

ಮೊದಲ ಸಾಲಿಗೇ ಅವಳು ಮತ್ತೆ ನಿಂತಳು. "'ಬೇಗ ಬೆಳೆಯೋಣ' ಅಂತ ಈಗ ಹೇಗೋ ಹಾಡೋದು? ಬೆಳೆದಾಯ್ತಲ್ಲ..."

"ಹಾಗಾದ್ರೆ... ಮುಂದಿನ ಸಾಲಿಗೆ ಬರ್ತೀಯಾ?"

ಅವನು ಕೀಬೋರ್ಡಿನಿಂದ ಕೈ ತೆಗೆದು ಅವಳನ್ನೇ ನೋಡಿದ. ಮುಂದಿನ ಸಾಲು... ನಮ್ಮದೇ ಮನೆ!

"ಬರ್ತೀನಿ ಕಣೋ."

ಇಬ್ಬರೂ ಹಾಡಿದರು. ಅವನ ದನಿ ಅಲ್ಲಲ್ಲಿ ಜಾರಿತು, ಅವಳು ಕಾದಳು.

ಶ್ರುತಿ ಇಳಿಸಿದ್ದು ನಿಜಕ್ಕೂ ಯಾರಿಗಾಗಿ? ಅವಳು ಮತ್ತೆ ಕೇಳಲಿಲ್ಲ, ಅವನು ಹೇಳಲಿಲ್ಲ. ನನಗೂ ಗೊತ್ತಿಲ್ಲ.