ಅರ್ಧ ಇಂಚು

ಹೊಲಿಗೆ ಅಂಗಡಿಯ ಪರದೆಯ ಸಂದಿಯಿಂದ ಒಂದು ಕೈ ಹೊರಬಂತು. ಕೈಯಲ್ಲಿ ಪ್ಯಾಂಟು.

"ಬೇಗ ಹೊಲಿದು ಕೊಡಿ. ಎಪ್ಪತ್ತು ಮೀಟರ್ ಏಣಿಯ ನಡುಮಧ್ಯದಲ್ಲಿ ಹರೀತು. ಇಡೀ ಸೈಟೇ ತಲೆಯೆತ್ತಿ ನೋಡ್ತಿತ್ತು."

ಅವಳು ಪ್ಯಾಂಟನ್ನು ತಿರುವಿ ನೋಡಿದಳು. "ಬಟ್ಟೆ ಗಟ್ಟಿಯಾಗೇ ಇದೆ. ದಾರಾನೂ ಗಟ್ಟಿ. ತಪ್ಪು ಇವೆರಡರದ್ದೂ ಅಲ್ಲ."

ಕೈ ಸರಕ್ಕನೆ ಪರದೆಯೊಳಗೆ ಹೋಯಿತು.

"ಟವೆಲ್ ಸುತ್ತಿಕೊಂಡು ನಿಂತವನ ಹತ್ತಿರ ಹೀಗೆಲ್ಲ ಮಾತಾಡಬಾರದು ಟೇಲರಮ್ಮ."

ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅವಳ ಚಿಕ್ಕಮ್ಮ, ಹಲ್ಲಲ್ಲಿ ಕಚ್ಚಿದ್ದ ಸೂಜಿ ಉದುರುವ ಹಾಗೆ ನಕ್ಕಳು.

ಎದುರಿಗೆ ಕಟ್ಟುತ್ತಿದ್ದ ಕಟ್ಟಡದಲ್ಲಿ ಅವನು ಕ್ರೇನ್ ನಡೆಸುವವನು. ಪ್ಯಾಂಟು ಹಾಕಿಕೊಂಡು ಹೊರಬಂದವನ ಜೇಬಿನಲ್ಲಿ ಕಂಪನಿ ಡಾಕ್ಟರ ಚೀಟಿ ಇತ್ತು. ಏಣಿ ಹತ್ತುವಾಗ ಮೈಗೆ ಕಟ್ಟುವ ಪಟ್ಟಿ ತಡೆಯುವುದು ನೂರು ಕೆ.ಜಿ. ಮಾತ್ರ. ಅವನು ನೂರಾ ಹದಿನಾಲ್ಕು. ಸದ್ಯಕ್ಕೆ ಬಾಡಿಗೆಗೆ ತಂದ ದೊಡ್ಡ ಪಟ್ಟಿ; ಐದು ತಿಂಗಳಲ್ಲಿ ಇಳಿಯದಿದ್ದರೆ ಕ್ರೇನ್ ಬೇರೆಯವರಿಗೆ, ಅವನು ಗೋಡೌನಿಗೆ.

"ಗೋಡೌನಲ್ಲೂ ಕೆಲಸ ತಾನೆ?" ಅಂದಳು.

"ಮೇಲಿಂದ ನೋಡಿದರೆ ನಿಮ್ಮ ಅಂಗಡಿ ಬೆಂಕಿಪೊಟ್ಟಣದಷ್ಟು ಕಾಣುತ್ತೆ. ಗೋಡೌನಿಂದ ಏನು ಕಾಣುತ್ತೆ? ಗೋಡೆ."

"ಬೆಂಕಿಪೊಟ್ಟಣ ನೋಡೋಕೆ ಅಷ್ಟು ಎತ್ತರ ಹತ್ತಬೇಕಾ?"

"ಒಳಗಿರೋ ಕಡ್ಡಿ ಕಾಣಲ್ಲ. ಅದೊಂದು ಬೇಜಾರು."

ಚಿಕ್ಕಮ್ಮ ಕೆಮ್ಮಿದಳು.

ಮಾರನೆಯ ಬೆಳಿಗ್ಗೆಯೇ ಅವನೂ ಅವಳೂ ಕಾಲುವೆಯ ದಂಡೆಯ ಮೇಲೆ ನಡೆಯತೊಡಗಿದರು. ಕೂತು ಕೂತು ತನ್ನ ಮಂಡಿಯೂ ಹಿಡಿದಿದೆ ಎಂದು ಅವಳು ನೆಪ ಹೇಳಿದಳು. ನೆಪ ಪೂರ್ತಿ ಸುಳ್ಳೇನಲ್ಲ. ಉಪವಾಸ ಬೀಳಬೇಡಿ, ಹಸಿದ ಹೊಟ್ಟೆ ಸಂಜೆಗೆ ಸೇಡು ತೀರಿಸಿಕೊಳ್ಳುತ್ತೆ ಎಂದಿದ್ದಳು ಕಂಪನಿಯ ನರ್ಸ್. ಅವನ ಊಟದ ಡಬ್ಬಿಯ ಮುಚ್ಚಳದ ಮೇಲೆ ಅವಳು ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಗುರುತು ಮಾಡಿದಳು: ಅರ್ಧ ತರಕಾರಿ, ಕಾಲು ಬೇಳೆ ಇಲ್ಲವೇ ಮೊಟ್ಟೆ, ಉಳಿದ ಕಾಲು ಅನ್ನ.

"ಈ ಕಾಲುಭಾಗ ನನ್ನ ಮೇಲೆ ನಿಮಗಿರೋ ಕರುಣೆಯಷ್ಟೇ ಇದೆ," ಎಂದು ಅವನು ಅನ್ನವನ್ನು ನೋಡುತ್ತ ಕೂತ.

"ನಿಧಾನ ಅಗಿದರೆ ಎರಡೂ ಹೆಚ್ಚು ಹೊತ್ತು ಬಾಳಿಕೆ ಬರುತ್ತೆ."

ನಡಿಗೆ ಮುಗಿಸಿ ಅವನು ಅಂಗಡಿಯ ಪರದೆಯ ಹಿಂದೆ ಸೈಟಿನ ಬಟ್ಟೆ ಹಾಕಿಕೊಂಡು, ಪ್ಯಾಂಟನ್ನು ಮೊಳೆಗೆ ನೇತುಹಾಕಿ ಹೋಗುತ್ತಿದ್ದ. ಅರ್ಧ ಗಂಟೆಯಲ್ಲಿ, ಮೋಡಕ್ಕೆ ಹತ್ತಿರವಾದ ಗಾಜಿನ ಗೂಡಿನಲ್ಲಿ ಅವನು ಕೂತೊಡನೆ, ಕ್ರೇನಿನ ಖಾಲಿ ಕೊಕ್ಕೆ ಅವಳ ಬಾಗಿಲಿನ ಕಡೆಗೆ ಒಮ್ಮೆ ತಲೆಯಾಡಿಸುತ್ತಿತ್ತು. ಅವಳು ಕತ್ತರಿ ಎತ್ತಿ ತೋರಿಸುತ್ತಿದ್ದಳು.

"ಇಬ್ಬರೂ ಹೀಗೆ ಕಬ್ಬಿಣದಲ್ಲೇ ಮಾತಾಡ್ತೀರಾ, ಇಲ್ಲ ಬಾಯೂ ಇದೆಯಾ?" ಅನ್ನುತ್ತಿದ್ದಳು ಚಿಕ್ಕಮ್ಮ.

ಮೂರು ತಿಂಗಳಿಗೆ ಒಂಬತ್ತು ಕೆ.ಜಿ. ಇಳಿಯಿತು. ಪ್ಯಾಂಟಿನ ಸೊಂಟವನ್ನು ಎರಡು ಸಲ ಹಿಡಿದು ಬಿಗಿ ಮಾಡಿಕೊಟ್ಟಳು. ಪ್ರತಿ ಸಲವೂ ಮಿಕ್ಕ ಬಟ್ಟೆಯನ್ನು ಕತ್ತರಿಸದೆ ಒಳಗೇ ಮಡಿಸಿಟ್ಟಳು. ಅದು ಅವಳ ಕಸುಬಿನ ಅಭ್ಯಾಸ. ಮೈ ಇವತ್ತು ಇದ್ದ ಹಾಗೆ ನಾಳೆ ಇರುತ್ತದೆ ಎಂದು ಯಾವ ದರ್ಜಿಯೂ ನಂಬುವುದಿಲ್ಲ.

ಆಮೇಲೆ ಅವನ ಮನೆಯ ತೂಕದ ಯಂತ್ರದ ಮುಳ್ಳು ನೂರಾ ಐದಕ್ಕೆ ನಿಂತುಬಿಟ್ಟಿತು. ಒಂದು ವಾರ. ಎರಡು. ನಾಲ್ಕು. ಅದೇ ನಡಿಗೆ, ಅದೇ ಡಬ್ಬಿ, ಅದೇ ನೂರಾ ಐದು. ಹೀಗೂ ಆಗುತ್ತೆ, ಬಿಡಬೇಡಿ ಎಂದು ನರ್ಸ್ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಐದನೆಯ ವಾರ ನಡಿಗೆಗೆ ಬರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು, "ನನ್ನ ಕೈಲಿ ಆಗಲ್ಲ ಟೇಲರಮ್ಮ. ಹುಟ್ಟುಗುಣ," ಅಂದ. ಅಂಗಿಯ ಮೇಲೆ ಕೇಕಿನ ಚೂರುಗಳಿದ್ದವು. ಅವನು ಒರೆಸಿಕೊಳ್ಳಲೂ ಇಲ್ಲ.

"ಆ ತೂಕದ ಯಂತ್ರಾನ ಯಾರಿಗಾದರೂ ಕೊಟ್ಟುಬಿಡಿ," ಅಂದಳು. "ನಿಮ್ಮ ಪ್ಯಾಂಟೇ ಹೇಳುತ್ತೆ."

ಅವನು ಎಂದಿನಂತೆ ಬಟ್ಟೆ ಬದಲಿಸಿ ಕ್ರೇನಿಗೆ ಹೋದ ಮೇಲೆ ಮೊಳೆಯಿಂದ ಪ್ಯಾಂಟು ಇಳಿಸಿದಳು. ಸೊಂಟದ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿದಳು.

"ಏನೇ ಅದು?" ಅಂದಳು ಚಿಕ್ಕಮ್ಮ.

"ಒಂದು ವಾರ ಹುರುಪು ಬಂದರೆ ನಿಜವಾಗ್ಲೂ ಇಳೀತಾರೆ. ಆಗ ಮತ್ತೆ ಹಿಡಿದುಬಿಟ್ಟರಾಯಿತು."

"ಸುಳ್ಳಿಗೆ ಇಸ್ತ್ರಿ ಹಾಕಿದರೂ ಸುಕ್ಕು ಹೋಗಲ್ಲ ಮಗಳೇ."

ಸಂಜೆ ಪರದೆಯ ಹಿಂದಿನಿಂದ ಒಂದು ಕೂಗು. ಅವನು ಸೊಂಟಕ್ಕೂ ಪ್ಯಾಂಟಿಗೂ ನಡುವೆ ಎರಡು ಬೆರಳು ತೂರಿಸಿಕೊಂಡು ಹೊರಬಂದ, ಮಹಾ ಬಹುಮಾನ ಗೆದ್ದವನ ಹಾಗೆ. ಅವಳ ಕೈ ಹಿಡಿದು ಅಂಗಡಿಯ ಇಕ್ಕಟ್ಟಿನಲ್ಲೇ ಒಂದು ಸುತ್ತು ತಿರುಗಿಸಿದ. ದಾರದ ರೀಲುಗಳು ಉರುಳಿದವು. ಹೆಕ್ಕಲು ಇಬ್ಬರೂ ಬಗ್ಗಿದಾಗ ಅವನ ಕಣ್ಣು ಅವಳ ಕಣ್ಣಿಗೆ ತೀರಾ ಹತ್ತಿರವಿತ್ತು. ರೆಪ್ಪೆಯ ಮೇಲೆ ಸಿಮೆಂಟಿನ ಧೂಳು.

"ಪಾಸಾದ ದಿನ ನಿಮ್ಮನ್ನ ಒಂದು ಮಾತು ಕೇಳಬೇಕು," ಅಂದ.

"ಈಗಲೇ ಕೇಳಿ."

"ನೂರಾ ಚಿಲ್ಲರೆ ತೂಕ ಇಟ್ಟುಕೊಂಡು ಕೇಳೋ ಮಾತಲ್ಲ."

ಆ ಮಾತಿಗಾಗಿ ಎರಡು ವಾರದ ನಂತರ ಇನ್ನೊಂದು ಅರ್ಧ ಇಂಚು ಬಿಟ್ಟಳು. ಅವನು ಹಗುರಾದ. ಮೈ ಅಲ್ಲ, ಮನಸ್ಸು. "ಹೇಗೂ ಇಳೀತಿದೆಯಲ್ಲ," ಎಂದು ಭಾನುವಾರದ ನಡಿಗೆ ಬಿಟ್ಟ. ಸಂಜೆಯ ಬಿಸ್ಕತ್ತು ವಾಪಸು ಬಂತು. ಬೇಡ ಅನ್ನಬೇಕು ಅಂದುಕೊಂಡಳು. ಅಂದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಕಂಪನಿಯ ತೂಕ ಪರೀಕ್ಷೆಯ ದಿನ ಅವನು ಮಧ್ಯಾಹ್ನವೇ ಬಂದ. ಪರದೆಯ ಹಿಂದೆ ಹೋಗಿ ಸೈಟಿನ ಬಟ್ಟೆ ಹಾಕಿಕೊಂಡು, ಪ್ಯಾಂಟನ್ನು ತಂದು ಅವಳ ಹೊಲಿಗೆ ಯಂತ್ರದ ಮೇಲೆ ಒಳಗು ಹೊರಗು ಮಾಡಿ ಹರಡಿದ. ಬಿಸಿಲಿಗೆ ಮಾಸಿದ ಬಟ್ಟೆಯ ಪಕ್ಕದಲ್ಲೇ ಒಂದು ಇಂಚು ಮಾಸದ ಗಾಢ ನೀಲಿ. ನೀಲಿಯ ಉದ್ದಕ್ಕೂ ಹಳೆಯ ಸೂಜಿ ತೂತುಗಳು, ಎರಡು ಸಾಲು, ಇರುವೆ ನಡೆದ ಹಾಗೆ.

"ನೂರಾ ಮೂರು," ಅಂದ. "ಪ್ಯಾಂಟು ಸಡಿಲ ಇದೆ, ನಿಮ್ಮ ತೂಕದ ಯಂತ್ರವೇ ಸರಿಯಿಲ್ಲ ಅಂತ ನರ್ಸ್ ಹತ್ತಿರ ಜಗಳ ಆಡಿದೆ. ಸೊಂಟದ ಪಟ್ಟಿ ಮಡಚಿ ತೋರಿಸೋಕೆ ಹೋದೆ. ಆಗ ಇದು ಕಾಣಿಸ್ತು."

ಅವಳು ಆ ತೂತುಗಳ ಮೇಲೆ ಬೆರಳಿಟ್ಟಳು. "ನಿಮ್ಮ ಮುಖ ಸಪ್ಪಗಾಗೋದು ನೋಡೋಕಾಗಲಿಲ್ಲ. ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆಗೆ ಎಷ್ಟೂಂತ ಹಾಕ್ಕೊಳ್ಳೋದು?" ಅಂದ. ಯಾರೂ ನಗಲಿಲ್ಲ. "ನೂರಾ ಐದು ಅಂತ ಆ ಯಂತ್ರ ಮುಖಕ್ಕೆ ಹೊಡೆದ ಹಾಗೆ ಹೇಳ್ತಿತ್ತು. ಅದಕ್ಕಾದರೂ ನಾನು ತಡ್ಕೋತೀನಿ ಅನ್ನೋ ನಂಬಿಕೆ ಇತ್ತು. ನಿಮಗಿರಲಿಲ್ಲ."

ಮರುದಿನದಿಂದ ಕೊಕ್ಕೆ ಬೇರೆಯವನ ಕೈಯಲ್ಲಿ ಆಡಿತು. ಅದು ಅವಳ ಬಾಗಿಲಿನ ಕಡೆ ತಿರುಗಲಿಲ್ಲ. ಅವಳೊಬ್ಬಳೇ ಕಾಲುವೆಯ ದಂಡೆಯಲ್ಲಿ ನಡೆದಳು. ಅವನು ಸಿಗಬಹುದೆಂದು ಮೊದಲು, ಸಿಗುವುದಿಲ್ಲವೆಂದು ತಿಳಿದ ಮೇಲೂ. ಮಂಡಿ ವಾಸಿಯಾಯಿತು. ಅದಕ್ಕೆ ಅವಳಿಗೆ ಅಳು ಬಂತು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ಹೊಸ್ತಿಲ ಹೊರಗೆ ನಿಂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು, ಬೆನ್ನು ನೇರವಾಗಿತ್ತು.

"ತೊಂಬತ್ತೇಳು," ಅಂದ. "ನದಿಯಾಚೆ ಹೊಸ ಸೈಟಲ್ಲಿ ಕ್ರೇನ್ ಸಿಕ್ಕಿತು. ಡಬ್ಬಿಗೆ ಗೆರೆ ಎಳೆದುಕೊಟ್ಟವರು ನೀವು. ನಿಮಗೆ ಹೇಳದೆ ಹೋದರೆ ಸರಿಯಲ್ಲ ಅನ್ನಿಸ್ತು."

"ಅಲ್ಲಿಂದ ಅಂಗಡಿ ಕಾಣುತ್ತಾ?"

"ಇಲ್ಲ."

ಚಿಕ್ಕಮ್ಮ ಎದ್ದು, ಗುಂಡಿಯ ಡಬ್ಬಿ ಹಿಡಿದುಕೊಂಡು ಒಳಗೆ ಹೋದಳು.

"ಅವತ್ತು ಕೇಳ್ತೀನಿ ಅಂದಿದ್ದ ಮಾತು..." ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ನಾನೇ ಕೇಳಲಾ?"

ಅವನು ಅವಳ ಕೈಗಳನ್ನು ನೋಡಿದ. ಪ್ರೀತಿ ಇರಲಿಲ್ಲ ಎಂದು ಹೇಳಲಾಗದ ನೋಟ. "ಒಂದೇ ಮನೇಲಿ ಇದ್ದು, ನೀವು ಚೆನ್ನಾಗಿದ್ದೀನಿ ಅಂದಾಗಲೆಲ್ಲ ನಾನು ಆ ಮಾತನ್ನ ಒಳಗು ಹೊರಗು ಮಾಡಿ ನೋಡಬೇಕು. ಎಷ್ಟು ದಿನ ಅಂತ ನೋಡಲಿ?"

ಅವಳು ತಲೆ ತಗ್ಗಿಸಿದಳು. ಆಗ ಕಂಡಿತು: ಅವನ ಪ್ಯಾಂಟು ಸೊಂಟದಲ್ಲಿ ಗಂಟುಗಂಟಾಗಿ ಮುದುಡಿ ಬೆಲ್ಟಿನಡಿ ಸಿಕ್ಕಿಕೊಂಡಿತ್ತು. ಈ ಸಲ ಸಡಿಲ ನಿಜದ್ದು.

"ಹೊಸ ಕೆಲಸಕ್ಕೆ ಹೀಗೆ ಹೋಗ್ತೀರಾ? ಬಿಚ್ಚಿ ಕೊಡಿ. ಹತ್ತೇ ನಿಮಿಷ. ನಿಮ್ಮ ಕಣ್ಣೆದುರೇ ಹಿಡಿದು ಹೊಲಿದು, ಮಿಕ್ಕ ಬಟ್ಟೆ ಕತ್ತರಿಸಿ ಕೈಗೇ ಕೊಟ್ಟುಬಿಡ್ತೀನಿ."

"ಬೇಡ," ಅಂದ. "ಬೆಲ್ಟ್ ಸಾಕು."