ಉಜ್ಜಿದರೂ ಹೋಗದ ಕಪ್ಪು

ಕಪ್ಪಾದ ಲೋಹ ಕಂಡರೆ ರತನ್‌ನ ಕೈ ಸುಮ್ಮನಿರದು. ಗಂಗೊಳ್ಳಿ ಬಂದರಿನಲ್ಲಿ ಬೋಟ್ ರಿಪೇರಿ ಮಾಡುವವನು. ಉಪ್ಪುನೀರು ತಿನ್ನುವ ಮೊದಲು ಉಜ್ಜಿಬಿಡು ಎಂಬುದು ಅಪ್ಪ ಕಲಿಸಿದ ಪಾಠ.

ಮಣಿಪಾಲದ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಬೈಂದೂರಿನ ನವ್ಯಶ್ರೀಗೆ ಅವನ ಶೆಡ್ಡಿನಲ್ಲಿ ಏನಾದರೂ ಮರೆತು ಹೋಗುವ ಚಾಳಿ. ಒಮ್ಮೆ ಕೊಡೆ, ಒಮ್ಮೆ ಪೆನ್ನು. ಅದು ಮತ್ತೆ ಬರಲು ನೆಪ ಎಂದು ಇಡೀ ಬಂದರಿಗೆ ಗೊತ್ತಿತ್ತು, ರತನ್ ಒಬ್ಬನಿಗೆ ಬಿಟ್ಟು.

ಇಂದು ಮರೆತದ್ದು ಪುಟ್ಟ ಡಬ್ಬಿ. ಒಳಗೆ ಬೆರಳಗಲದ ನಾಲ್ಕು ಕಪ್ಪು ತುಂಡುಗಳು. ಪಾಪ, ಉಪಕಾರವಾಗಲಿ ಎಂದೇ ಅವನು ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕೂತ.

ಅಷ್ಟರಲ್ಲಿ ಅವಳು ಓಡಿಬಂದಳು.

"ಎಂತ ಮಾಡ್ದೆ ಮಾರಾಯ! ರಿಯಾಕ್ಟರ್ ಪೈಪಿನ ಲೋಹ ಅದ್. ಲ್ಯಾಬಂಗೆ ಒತ್ತಡ ಹಾಕಿ ಮುನ್ನೂರ್ ಡಿಗ್ರಿ ನೀರಂಗೆ ಎಂಟ್ ತಿಂಗ್ಳ್ ಇಟ್ಟದ್ದ್!"

"ಕೊಳೆ ಆಯ್ತಲೆ ಅಂದ್ಕಂಡ್..."

"ಕೊಳೆ ಅಲ್ಲ! ಆ ಕಪ್ಪ್ ಪದರವೇ ಒಳಗಿನ್ ಲೋಹನ ಕಾಯುದ್. ನಾನ್ ಮಣಿಪಾಲಕ್ಕೆ ಹೋಪ್ದೇ ಅದನ್ನ ಅಳೆಯೂಕೆ."

ರತನ್ ನಾರನ್ನು ಕೆಳಗಿಟ್ಟ. ಇವತ್ತು ಮದುವೆಯ ಮಾತೆತ್ತಬೇಕೆಂದು ಮೂರು ದಿನದಿಂದ ಬಾಯಿಪಾಠ ಮಾಡಿದ್ದ. ಎಂಟು ತಿಂಗಳ ದುಡಿಮೆಗೆ ಎಳ್ಳುನೀರು ಬಿಟ್ಟವನನ್ನು ಯಾವ ಹುಡುಗಿ ಒಪ್ಪುತ್ತಾಳೆ?

"ಎಷ್ಟ್ ತಿಕ್ಕ್ದೆ?"

"ಒಂದೇ. ಕಪ್ಪ್ ಹೋಪ್ದೇ ಇಲ್ಲ, ಸೋತ್ ಬಿಟ್ಟೆ."

"ಮತ್ತ್ ಮೂರ್?"

"ಮುಟ್ಲಿಲ್ಲ. ದೇವ್ರಾಣೆ."

ಅವಳು ಮೂರನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದಳು. ಅವಳ ಹುಬ್ಬಿನ ಗಂಟು ಸಡಿಲಾಗುವವರೆಗೆ ರತನ್ ಉಸಿರು ಬಿಡಲಿಲ್ಲ. ಕೊನೆಗೆ ಉಜ್ಜಿದ ತುಂಡನ್ನೆತ್ತಿ ಓರೆನೋಟ ಬೀರಿದಳು.

"ಮೂರ್ ಸಾಕ್ ನಂಗೆ. ಇದ್ ಇನ್ ಟೆಸ್ಟಿಗೆ ಬಪ್ದಿಲ್ಲ. ಆರೆ ನಿನ್ ಕೈಯಂಗೂ ಹೋಯ್ಲಿಲ್ಲ ಅಂದ್ರೆ ಪದರ ಗಟ್ಟಿ ಇತ್ತ್ ಕಾಣ್!"

ಹೋದ ಜೀವ ಬಂದಂತಾಗಿ ರತನ್ ಹಗ್ಗದ ರಾಶಿಯ ಮೇಲೆ ಕುಸಿದು ಕೂತ. ಬಾಯಿಪಾಠವೆಲ್ಲ ಮರೆತೇಹೋಗಿತ್ತು.

"ನನ್ನ್ ಮದಿ ಆತ್ಯಾ?"

ಅವಳ ಕೆನ್ನೆ ಕೆಂಪಾಯಿತು. ಉಜ್ಜಿದ ತುಂಡನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು, ಆದರೆ ತನ್ನ ಕೈ ತೆಗೆಯಲಿಲ್ಲ.

"ಇದ್ ನಿಂಗೆ. ಇನ್ನ್ ನನ್ ಡಬ್ಬಿ ಮುಟ್ಟುಕಾಗ."

"ಹಾಂಗಾರೆ?"

"ಆದಿತ್ಯವಾರ ಮನಿಗ್ ಬಂದ್ ಅಪ್ಪಯ್ಯನ್ ಹತ್ರ ಕೇಣ್. ಆ ಬೂದಿ ಕೈ ತೊಳ್ಕಂಡ್ ಬಾ!"

ಡಬ್ಬಿ, ಕೊಡೆ, ಪೆನ್ನು ಎಲ್ಲವನ್ನೂ ಎಣಿಸಿ ಬ್ಯಾಗಿಗೆ ಹಾಕಿಕೊಂಡಳು. ಆ ದಿನ ಮೊದಲ ಬಾರಿಗೆ ನವ್ಯಶ್ರೀ ಏನನ್ನೂ ಮರೆಯದೆ ಬಸ್ ಹತ್ತಿದಳು.