ಕಣ್ಣು ಬಿಟ್ಟ ಬುಟ್ಟಿ

ಬೆಟ್ಟಗಳಿಗೆ ಇನ್ನೂ ಮೀಸೆ ಮೂಡದಿದ್ದ ಕಾಲ. ಹೊನ್ನಗಿರಿ ಅಂತ ಒಂದು ರಾಜ್ಯ. ಅಲ್ಲಿ ಸಾತಜ್ಜಿ ಅಂತ ಒಬ್ಬ ಮೇದಾರ ಮುದುಕಿ. ಅವಳು ಹೆಣೆದ ಬುಟ್ಟಿಯಲ್ಲಿ ರಾಜನ ಪಟ್ಟದಾನೆಯನ್ನು ಕೂರಿಸಿ ತೂಗಿದರೂ ಒಂದು ಎಳೆ ಕಿರ್ ಅನ್ನುತ್ತಿರಲಿಲ್ಲ. ಆದರೆ ಬುಟ್ಟಿ ಯಾವುದೇ ಇರಲಿ, ತಳದ ಹೆಣಿಗೆಯಲ್ಲಿ ಒಂದು ಕಣ್ಣು ಮುಚ್ಚದೆ ಬಿಡುವುದು ಆ ಮನೆಯ ಪದ್ಧತಿ. ಮೊಮ್ಮಗಳು ಮಾಳವ್ವ ಅದನ್ನು ಮುಚ್ಚಲು ಹೋದರೆ ಅಜ್ಜಿ ಅವಳ ಬೆರಳ ಗೆಣ್ಣಿಗೆ ಬಿದಿರುಸೀಳಿನಿಂದ ಮೆಲ್ಲಗೆ ಬಡಿಯುವಳು.

"ಕಣ್ಣು ಬಿಡು ಮಗಾ, ಬುಟ್ಟಿಗೂ ಉಸಿರು ಬೇಕು. ತನ್ನದಲ್ಲದ್ದು ಹೋಗಲಿ, ತನ್ನದು ಎಲ್ಲಿಗೂ ಹೋಗದು."

ಅದೇ ರಾಜ್ಯದ ಗವಿಯಲ್ಲಿ ಬೂದಿಕಣ್ಣ ಎಂಬ ಮಾಂತ್ರಿಕನಿದ್ದ. ಕಂಡವರ ಉಸಿರು ಕದ್ದು ನುಂಗಿ ಮುನ್ನೂರು ವರ್ಷ ಬದುಕಿದ್ದ. ಗವಿಯ ಹತ್ತಿರ ಬಿದಿರು ಕಡಿಯಲು ಬಂದ ಅಜ್ಜಿಯ ಉಸಿರನ್ನೂ ಒಂದು ದಿನ ನುಂಗಿದ. ಅಜ್ಜಿ ನಿಂತಲ್ಲೇ ಬಿದಿರಾದಳು.

ಮಾಳವ್ವ ಗವಿಗೆ ಹೋದಳು. "ನಮ್ಮಜ್ಜಿಯನ್ನ ಬಿಡು."

"ಏ ಬುಟ್ಟಿಯವಳೇ, ನಾನು ಹೇಳಿದ್ದನ್ನು ಹಿಡಿದಿಡೋ ಬುಟ್ಟಿ ಹೆಣಿ. ಮೂರು ಸಲ ನೋಡ್ತೀನಿ. ಮೂರೂ ಸಲ ಸೋತರೆ ನಿಮ್ಮಜ್ಜಿ ನನ್ನ ಒಲೆಗೆ ಸೌದೆ."

ಮೊದಲು ಅವನ ಒಲೆಯ ಹೊಗೆ. ಚೂರೂ ಸೋರಬಾರದೆಂದು ಮಾಳವ್ವ ತಳದ ಕಣ್ಣನ್ನೂ ಮುಚ್ಚಿ ಬಿಗಿದಳು. ಹೊಗೆ ಉಬ್ಬಿತು, ಬುಟ್ಟಿ ಒಡೆಯಿತು, ಏಳು ಊರು ಮೂರು ದಿನ ಸೀನಿದವು.

ಆಮೇಲೆ ಎರಡು ತಲೆಯ ಹುಲಿಯ ಗರ್ಜನೆ. ಎರಡೆರಡು ಎಳೆ ಹಾಕಿ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದಳು. ಬುಟ್ಟಿ ಸಿಡಿದ ಸದ್ದಿಗೆ ಹುಲಿಯೇ ಹೆದರಿ, ಒಂದು ತಲೆ ಇನ್ನೊಂದರ ಹಿಂದೆ ಅಡಗಿತು.

"ಕೊನೆಗೆ ನನ್ನನ್ನೇ ಹಿಡಿ" ಎಂದು ಬೂದಿಕಣ್ಣ ನಕ್ಕ.

ಮಾಳವ್ವ ಬಿದಿರಾಗಿ ನಿಂತ ಅಜ್ಜಿಯ ಬುಡದಲ್ಲಿ ಕೂತು ತಳ ಹಾಕತೊಡಗಿದಳು. ಸೀಳು ಕುಯ್ದ ಬೆರಳಿಗೆ ಅರಿಶಿನ ಒತ್ತಿ ಉಫ್ ಎಂದು ಊದುತ್ತಿದ್ದ ಅಜ್ಜಿಯ ಎಲೆಯಡಿಕೆಯ ಬಾಯಿ, ಹಸಿಬಿದಿರಿನ ವಾಸನೆಯ ಮಡಿಲು ನೆನಪಾದವು. ಇನ್ನೇನು ಕೊನೆಯ ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಗಾಳಿಗೆ ಬಿದಿರು ಬಾಗಿ ಅವಳ ಗೆಣ್ಣಿಗೆ ಮೆಲ್ಲಗೆ ಬಡಿಯಿತು. ಮಾಳವ್ವ ಆ ಕಣ್ಣನ್ನು ಹಾಗೇ ಬಿಟ್ಟಳು.

"ತೂತು ಬಿಟ್ಟಿದ್ದೀಯಲ್ಲೇ ಪೆದ್ದಿ. ಸೊಳ್ಳೆಯಾಗಿ ಹೊರಗೆ ಬರ್ತೀನಿ ನೋಡು" ಎಂದು ಅವನು ಒಳಗೆ ಧುಮುಕಿದ. ಮಾಳವ್ವ ಮುಚ್ಚಳ ಹಾಕಿದಳು. ಕದ್ದ ಉಸಿರೆಲ್ಲ ಆ ಕಣ್ಣಿನಿಂದ ಒಂದೊಂದಾಗಿ ಹೊರಬಂತು. ಕಡೆಯದಕ್ಕೆ ಎಲೆಯಡಿಕೆಯ ವಾಸನೆಯಿತ್ತು. ಸೊಳ್ಳೆಯಾಗುವ ಮಂತ್ರ ಹೇಳೋಣವೆಂದರೆ ಬೂದಿಕಣ್ಣನಿಗೆ ತನ್ನದೆಂಬ ಉಸಿರೇ ಇಲ್ಲ. ಬುಟ್ಟಿಯಲ್ಲಿ ಒಂದು ಹಿಡಿ ಬೂದಿ ಉಳಿಯಿತು.

ಬಿದಿರು ಮತ್ತೆ ಅಜ್ಜಿಯಾಯಿತು. ಅಜ್ಜಿ ಬುಟ್ಟಿಯನ್ನು ತಿರುಗಿಸಿ ನೋಡಿದಳು.

"ಅಂಚು ಸೊಟ್ಟ ಕಟ್ಟಿದ್ದೀಯ ಮಗಾ."

ಮಾಳವ್ವ ಬೆರಳ ಗೆಣ್ಣು ಮುಂದೆ ಒಡ್ಡಿದಳು.

ಆಮೇಲೆ ಇಬ್ಬರೂ ನೂರು ವರ್ಷ ಜೊತೆಗೆ ಕೂತು ಹೆಣೆದರು, ರಾಜ್ಯವೆಲ್ಲ ಉಂಡು ಉಟ್ಟು ನಗುನಗುತ್ತಿತ್ತು. ನಂಬದವರು ಈ ಕತೆಯನ್ನು ಮೊರಕ್ಕೆ ಹಾಕಿ ಕೇರಿ ನೋಡಲಿ. ಹಾರುವ ಜಳ್ಳು ಹಾರಲಿ, ಉಳಿಯುವ ಕಾಳು ಅಜ್ಜಿಯದು.